ಕಣ್ಣಿನ ಎತ್ತರ

ಅರ್ಜಿಯ ಒಂಬತ್ತನೇ ಕಲಮಿನಲ್ಲಿ ಅವಳು ಸೊನ್ನೆ ಬರೆದಿದ್ದಳು. ‘ಸ್ವತಂತ್ರವಾಗಿ ತಯಾರಿಸಿದ ಭೂಸಂರಕ್ಷಣಾ ಯೋಜನೆಗಳ ಸಂಖ್ಯೆ’ ಎಂದು ಅಲ್ಲಿ ಕೇಳಿತ್ತು. ನಲವತ್ತೊಂದು ಎಂದು ಮನಸ್ಸು ಹೇಳುತ್ತಿರುವಾಗಲೇ ಕೈ ಸೊನ್ನೆ ಸುತ್ತಿತು. ನಲವತ್ತೊಂದು ಹೊಲಗಳಲ್ಲಿ ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ಮಣ್ಣನ್ನು ಕಿತ್ತುಕೊಂಡು ಹೋಗುತ್ತದೆ, ಬದು ಎಲ್ಲಿ ಏಳಬೇಕು ಎಂದು ನಡೆದು ನೋಡಿ ನಕ್ಷೆ ಬರೆದವಳು ಅವಳು. ಕೆಳಗೆ ಸಹಿ ಹಾಕಿದವನು ಗಂಡ. ಇಲಾಖೆಗೆ ತನ್ನದೇ ತಂತ್ರಜ್ಞರು ಸಾಲದೆ, ಹೊರಗಿನವರನ್ನು ಪರೀಕ್ಷಿಸಿ ಸಲಹೆಗಾರರೆಂದು ಪ್ರಮಾಣಪತ್ರ ಕೊಡುವ ಪದ್ಧತಿ ಬಂದಾಗ ಮೊದಲ ತಂಡದಲ್ಲೇ ಅವನಿಗೆ ಸಿಕ್ಕಿತ್ತು. ಪ್ರಮಾಣಪತ್ರ ಇದ್ದವರು ಹಾಕಿದ ಗೆರೆಯ ಮೇಲೆ ಮಾತ್ರ ಯೋಜನೆಯ ಬದು ಕಟ್ಟುತ್ತಾರೆ. ಒಂದು ಮನೆಗೆ ಒಂದು ಸಾಕು ಎಂದು ಇಬ್ಬರೂ ಅಂದುಕೊಂಡರು, ಅಥವಾ ಅವನು ಅಂದ, ಅವಳು ಸುಮ್ಮನಿದ್ದಳು. ಯಾವುದು ನಿಜ ಎಂದು ಕೇಳಲು ಈಗ ಅವನಿಲ್ಲ. ಹದಿನಾಲ್ಕು ತಿಂಗಳ ಹಿಂದೆ, ನಾಲ್ಕು ದಿನದ ಜ್ವರ. ಅವನ ಜೊತೆ ಅವನ ನೋಂದಣಿ ಸಂಖ್ಯೆಯೂ ಹೋಯಿತು. ಹನ್ನೊಂದು ರೈತರ ನಕ್ಷೆಗಳು ಅವಳ ಮೇಜಿನ ಮೇಲೆ ಸಹಿಯಿಲ್ಲದೆ ಕೂತಿವೆ. ಇವತ್ತು ಹೊಲದ ಪರೀಕ್ಷೆ. ಪಾಸಾದರೆ ಅವು ಎದ್ದು ಹೊರಡುತ್ತವೆ. ಇಲ್ಲದಿದ್ದರೆ ರೈತರು ಬೇರೊಬ್ಬನನ್ನು ಹುಡುಕಿಕೊಳ್ಳುತ್ತಾರೆ, ಹಾಗೆ ಮಾಡಿದರೆ ತಪ್ಪೆಂದು ಅವಳೂ ಹೇಳಲಾರಳು. ಮಳೆಗಾಲ ಯಾರ ಸಹಿಗೂ ಕಾಯುವುದಿಲ್ಲ.

ಪಾಸಾಗುವ ಬಗ್ಗೆ ಅವಳಿಗೆ ಸಂಶಯವಿರಲಿಲ್ಲ. ಬಸ್ಸಿನ ಕಿಟಕಿಯ ಪಕ್ಕ ಕೂತು, ತೊಡೆಯ ಮೇಲಿನ ಚೀಲದೊಳಗೆ ಮಟ್ಟ ನೋಡುವ ಹಿತ್ತಾಳೆಯ ಕೊಳವೆ ಗಟ್ಟಿಯಾಗಿ ಒತ್ತುತ್ತಿರುವಾಗ, ಅವಳು ಹೊರಗೆ ಹಿಂದಕ್ಕೆ ಓಡುತ್ತಿದ್ದ ಇಳಿಜಾರುಗಳನ್ನು ಓದುತ್ತಿದ್ದಳು: ಇದು ನೂರಕ್ಕೆ ಮೂರು, ಅದು ಐದು, ಆ ಮೂಲೆಯಲ್ಲಿ ಇನ್ನೆರಡು ವರ್ಷಕ್ಕೆ ಕೊರಕಲು ಬೀಳುತ್ತದೆ. ಬರವಣಿಗೆಯ ಪರೀಕ್ಷೆಯಲ್ಲಿ ಅವಳೇ ಮೊದಲಿಗಳು. ಫಲಿತಾಂಶದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ‘ದಿವಂಗತರ ಪತ್ನಿ’ ಎಂದು ಟೈಪಾಗಿತ್ತು, ಎರಡನೆಯವನ ಹೆಸರಿನ ಮುಂದೆ ಏನೂ ಇರಲಿಲ್ಲ. ಅರ್ಜಿ ತೆಗೆದುಕೊಂಡ ಗುಮಾಸ್ತ ಅನುಭವದ ಕಲಮಿಗೆ ಪೆನ್ನು ಊರಿ ಕೇಳಿದ್ದ, “ಆರು ವರ್ಷ ಅಂತ ಬರೆದಿದೀರಿ. ದಾಖಲೆ?” ಗಂಡನ ಜೊತೆ ಮಾಡಿದ್ದು ಎಂದಳು. “ಗಂಡನದ್ದು ಆಸ್ತಿ ಬರತ್ತೆ ಮೇಡಂ, ಅನುಭವ ಬರಲ್ಲ.” ಅವಳು ಅವನ ಎದುರು ನಕ್ಕುಬಿಟ್ಟಳು. ಮೆಟ್ಟಿಲಿಳಿಯುವಾಗ ಸಿಟ್ಟು ಬಂತು. ಅವನು ಹಾಗಂದದ್ದಕ್ಕಲ್ಲ, ಚೆನ್ನಾಗಿ ಹೇಳಿದ ಎಂದು ತನಗೆ ಅನ್ನಿಸಿದ್ದಕ್ಕೆ.

ಬೆಳಿಗ್ಗೆ ಅತ್ತೆ ಬಾಗಿಲಿಗೆ ಒರಗಿ ನಿಂತು ಅವಳು ಚಹಾ ಕುಡಿಯುವುದನ್ನು ನೋಡುತ್ತಿದ್ದರು. “ಪರೀಕ್ಷೆಗೆ ಹೋಗೋಳು ಒಂದು ಸಲ ಪುಸ್ತಕ ಬಿಚ್ಚಿ ನೋಡಬಾರದಾ?”

“ಹೊಲದಲ್ಲಿ ಪುಸ್ತಕ ಇರಲ್ಲ ಅತ್ತೆ.”

“ಅವನೂ ಹೀಗೇ ಅಂತಿದ್ದ. ಇಬ್ಬರಿಗೂ ಒಂದೇ ಕೊಬ್ಬು.”

ಅತ್ತೆ ಲೋಟ ತೆಗೆದುಕೊಂಡು ತೊಳೆಯಲು ಹೋದರು. ಅವರು ಅತ್ತಿದ್ದರು, ಮೊದಲ ಮೂರು ತಿಂಗಳು, ಕೆಲಸ ಮಾಡುತ್ತಲೇ, ಪಾತ್ರೆ ತಿಕ್ಕುತ್ತಲೇ. ಅವಳು ಅತ್ತಿರಲಿಲ್ಲ. ಅಳು ಬರುತ್ತದೆ, ಇವತ್ತಲ್ಲ ನಾಳೆ ಎಂದು ಬಂದುಹೋದವರೆಲ್ಲ ಭರವಸೆ ಕೊಟ್ಟಿದ್ದರು, ಅದು ಬಾಕಿಯಿರುವ ಯಾವುದೋ ಸರಕಾರಿ ಆದೇಶವೇನೋ ಎಂಬಂತೆ. ಬಂದದ್ದು ಬೇರೆ. ಐದನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಹಳೆಯ ನಕ್ಷೆಯೊಂದನ್ನು ತಿದ್ದುತ್ತಿದ್ದಾಗ, ಇನ್ನು ಮೇಲೆ ಇದಕ್ಕೆ ನಾನೇ ಸಹಿ ಹಾಕಬಹುದು ಎಂಬ ಯೋಚನೆ ಬಂತು, ಅದರ ಹಿಂದೆಯೇ ಒಂದು ಸಂತೋಷವೂ. ಸಣ್ಣದು, ಆದರೆ ಸಂತೋಷವೇ, ಅನುಮಾನಕ್ಕೆ ಎಡೆಯಿರಲಿಲ್ಲ. ಅವಳು ಪೆನ್ಸಿಲ್ ಕೆಳಗಿಟ್ಟು ಎದ್ದುಹೋಗಿ ಒಣಗಿದ ಬಟ್ಟೆಗಳನ್ನು ಮಡಿಚಿದಳು. ಒಂದು ಸಲ, ಅವನು ಇದ್ದಾಗ, ಕೇಳಿದ್ದಳು: ಒಂದೇ ಒಂದು ನಕ್ಷೆಗೆ ನನ್ನ ಹೆಸರೂ ಹಾಕಿ. ಅವನು ತಲೆಯೆತ್ತದೆ, “ಹೆಸರು ಹಾಕಿದ್ರೆ ನೀರು ನಿಲ್ಲತ್ತಾ?” ಎಂದು ನಕ್ಕಿದ್ದ. ಒಳ್ಳೆಯ ಮನುಷ್ಯನ ನಗು. ಅದಕ್ಕೆ ಎದುರಾಡಲು ಏನೂ ಸಿಗದಿದ್ದದ್ದೇ ಅದರ ಕೆಟ್ಟತನ.

ಹೊಲದ ಒಡತಿಯನ್ನು ಊರೆಲ್ಲ ಉದ್ದಕ್ಕ ಎಂದು ಕರೆಯುತ್ತಿತ್ತು. ಗೇಟಿನ ಬಳಿ ನಿಂತು ಕಾಯುತ್ತಿದ್ದವಳನ್ನು ನೋಡಿದಾಗ ಹೆಸರು ಯಾಕೆ ಬಂತೆಂದು ಕೇಳಬೇಕಾಗಿರಲಿಲ್ಲ. ಐವತ್ತು ದಾಟಿದ, ಬೆನ್ನು ಬಾಗದ, ಬಾಯಿ ಮುಚ್ಚದ ಹೆಂಗಸು. “ನೀವೇನಾ ಪರೀಕ್ಷೆ ಬರೆಯೋರು? ಒಳ್ಳೇದಾಯ್ತು. ಹೋದ ಸಲ ಒಬ್ಬ ಬಂದಿದ್ದ, ಬಿಸಿಲಿಗೆ ಬಾಡಿ ಬಾಳೆ ಎಲೆ ಆಗ್ಬಿಟ್ಟ. ಹನ್ನೆರಡು ಬಾವುಟ ನೆಡೋಕೆ ಒಂಬತ್ತು ಚೊಂಬು ನೀರು ಕುಡಿದ. ನನ್ನ ಮದುವೆಗೆ ಗಂಡು ಹುಡುಕೋಕೆ ನಮ್ಮಪ್ಪ ಅಷ್ಟು ನೀರು ಕುಡಿದಿರಲಿಲ್ಲ. ನನ್ನ ಎತ್ತರ ನೋಡಿ ಏಣಿ ಬೇಕು ಅಂದಿದ್ರು ಮೂರು ಗಂಡು.”

ಪರೀಕ್ಷಕರು ಆಗಲೇ ಕಣದ ಪಕ್ಕದ ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ಒಂದು ಮಂಡಿಗೆ ಪಟ್ಟಿ ಸುತ್ತಿತ್ತು. ಅವಳ ಗಂಡನನ್ನು ಪರೀಕ್ಷೆ ಮಾಡಿದವರೂ ಇವರೇ. ಮೊದಲ ದಿನದಿಂದ ಕೊನೆಯ ದಿನದವರೆಗೂ ಅವನ ಕೆಲಸ ಮೆಚ್ಚಿದವರು. ಅವಳು ಬಂದಾಗ ಎದ್ದು ನಿಲ್ಲಲು ಹೋಗಿ ಮಂಡಿ ಹಿಡಿದು ಕೂತರು. “ಬಾಮ್ಮ. ನಿಮ್ಮನ್ನ ನಾನೇನು ಪರೀಕ್ಷೆ ಮಾಡೋದು. ನಿಯಮ ಅಂತ ಇದೆ, ಮಾಡಬೇಕು.” ನಿಯಮವನ್ನು ಓದಿ ಹೇಳಿದರು. ಬಾವಿಯ ಕಡೆಯ ಅಂಚಿನಿಂದ ಶುರುಮಾಡಿ ಹೊಲದ ಅಡ್ಡಕ್ಕೆ ಹದಿನೈದು ಮೀಟರಿಗೊಂದರಂತೆ ಹನ್ನೆರಡು ಬಾವುಟ, ಎಲ್ಲವೂ ಒಂದೇ ಮಟ್ಟದಲ್ಲಿ ಇರಬೇಕು. ಆ ಗೆರೆಯ ಮೇಲೆ ನಾಡಿದ್ದು ಮೆಷಿನ್ ಬಂದು ಬದು ಎಬ್ಬಿಸುತ್ತದೆ. ಪರೀಕ್ಷೆಯೆಂದರೆ ಸುಳ್ಳು ಹೊಲವಲ್ಲ. “ಅಳತೆಕೋಲು ಜೀಪಲ್ಲಿದೆ, ಬೇಕಾ?”

“ಬೇಡ ಸರ್.”

ಅವರು ನಕ್ಕರು. “ಅದೇ ಅಂದ್ಕೊಂಡೆ. ನಿಮ್ಮ ಯಜಮಾನರೂ ಮುಟ್ಟುತ್ತಿರಲಿಲ್ಲ.”

ಮುಟ್ಟುತ್ತಿರಲಿಲ್ಲ, ಯಾಕೆಂದರೆ ಅಗತ್ಯವಿರಲಿಲ್ಲ. ಕೊಳವೆಯನ್ನು ಕಣ್ಣಿಗೆ ಹಿಡಿದು, ಒಳಗಿನ ಗುಳ್ಳೆ ನಡುಗೆರೆಗೆ ಬಂದು ನಿಂತಾಗ, ನೋಟ ನಿಂತ ನೀರಿನಷ್ಟು ಸಮತಟ್ಟಾಗಿ ಹೋಗುತ್ತದೆ. ಎದುರಿಗೆ ನಿಂತವನ ಮೈಮೇಲೆ ನಮ್ಮ ಕಣ್ಣಿನ ಎತ್ತರದ ಜಾಗ ಆ ನೋಟಕ್ಕೆ ಸಿಕ್ಕಿದರೆ, ಅವನ ಪಾದವೂ ನಮ್ಮ ಪಾದವೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಅದಕ್ಕಿಂತ ಹೆಚ್ಚಿನ ವಿದ್ಯೆ ಅದರಲ್ಲಿಲ್ಲ. ಅಳತೆಕೋಲು ಹೊತ್ತು ನಡೆಯುವುದು ಹೊಸಬರ ಕೆಲಸ. ಕೈ ಪಳಗಿದವರಿಗೆ ಮನುಷ್ಯನೇ ಕೋಲು. ಆರು ವರ್ಷ ಅವಳು ಆ ಕೊಳವೆಯಲ್ಲಿ ನೋಡಿದ್ದು ಒಂದೇ ಗದ್ದವನ್ನು, ಗಂಡನದನ್ನು. ನೋಟ ಗದ್ದದ ತುದಿಗೆ ಬಂದು ಕೂತಾಗ “ಅಲ್ಲೇ” ಎಂದು ಕೂಗುತ್ತಿದ್ದಳು, ಅವನು ಕಡ್ಡಿ ಚುಚ್ಚುತ್ತಿದ್ದ, ಅವಳು ಅಲ್ಲಿಗೆ ನಡೆಯುತ್ತಿದ್ದಳು, ಅವನು ಮುಂದಕ್ಕೆ. ಹೊಲ ಮುಗಿಯುವವರೆಗೆ ಇಬ್ಬರೂ ಹೀಗೆ ಒಬ್ಬರ ಜಾಗಕ್ಕೆ ಇನ್ನೊಬ್ಬರು ಕಾಲಿಡುತ್ತ ಹೋಗುತ್ತಿದ್ದರು.

ಉದ್ದಕ್ಕ ಬಾವುಟದ ಕಡ್ಡಿಗಳನ್ನು ಸೌದೆಯಂತೆ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಕೊಯ್ಲಾದ ಜೋಳದ ಕೂಳೆಗಳು ಪಾದದ ಕೆಳಗೆ ಮುರಿಯುತ್ತಿದ್ದವು. ಬಾವಿಯಿಂದ ಹತ್ತು ಹೆಜ್ಜೆ ಈಚೆಗೆ ಮೊದಲ ಬಾವುಟ ನೆಟ್ಟು ಅವಳು ಕೊಳವೆ ಎತ್ತಿದಳು. ಹದಿನಾಲ್ಕು ತಿಂಗಳ ನಂತರ ಹಿತ್ತಾಳೆಯ ತಣ್ಣನೆ ಅಂಚು ಹುಬ್ಬಿಗೆ ತಾಗಿತು. ಗುಳ್ಳೆ ಮೊದಲ ಸಲಕ್ಕೇ ನಡುಗೆರೆಗೆ ಬಂದು ನಿಂತಿತು.

“ಅಕ್ಕಾ, ಗದ್ದ ಎತ್ತಿ. ನೇರ ನೋಡಿ. ಒಂದು ಹೆಜ್ಜೆ ಮೇಲೆ. ಇನ್ನರ್ಧ.”

“ಗದ್ದ ಎತ್ತಿ ಮಾತಾಡಿದ್ರೆ ಜಂಬ ಅಂತಾರೆ ಊರಲ್ಲಿ.”

“ಮಾತೇ ಆಡಬೇಡಿ. ಗದ್ದ ಅಲ್ಲಾಡಿದ್ರೆ ಗೆರೆ ಅಲ್ಲಾಡತ್ತೆ.”

“ಅಯ್ಯೋ ಶಿಕ್ಷೆಯೇ!” ಎಂದಳು ಉದ್ದಕ್ಕ, ಹದಿನೈದು ಮೀಟರ್ ದೂರದಿಂದ, ಬಾವಿಯೊಳಗಿನ ಪಾರಿವಾಳ ಹಾರುವಂತೆ.

ಎರಡು, ಮೂರು, ನಾಲ್ಕು. ಕೆಲಸ ತಾನಾಗಿ ಸಾಗಿತು. ಅವಳು ಯೋಚಿಸುತ್ತಿರಲಿಲ್ಲ, ಯೋಚಿಸದೆ ಇರುವುದರಲ್ಲೇ ತಾನು ಚೆನ್ನಾಗಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಗುಳ್ಳೆ ಬಂದು ನಿಲ್ಲುತ್ತದೆ, ಗದ್ದ ಬಂದು ಕೂರುತ್ತದೆ, ಅಲ್ಲೇ. ನಡೆ. ಗುಳ್ಳೆ. ಗದ್ದ. ಅಲ್ಲೇ. ದೂರದ ಮರದ ಕೆಳಗೆ ಪರೀಕ್ಷಕರು ಕಾಗದದ ಹಲಗೆಯನ್ನು ಬೀಸಣಿಗೆ ಮಾಡಿಕೊಂಡು ನೋಡುತ್ತಿದ್ದರು, ಅವರ ಮೆಚ್ಚುಗೆ ಬಿಸಿಲಿನ ಹಾಗೆ ಬೆನ್ನಿಗೆ ತಟ್ಟುತ್ತಿತ್ತು. ಎಂಟನೆಯ ಬಾವುಟದ ಹತ್ತಿರ ಹೋದ ಮಳೆಗಾಲ ಬಿಟ್ಟುಹೋದ ಕಸದ ಗೆರೆಯೊಂದು ಸಿಕ್ಕಿತು: ಒಣಗಿದ ಎಲೆ, ಜೋಳದ ಸಿಪ್ಪೆ, ನೀರು ಒಂದು ಗಳಿಗೆ ನಿಂತು ಇಳಿದದ್ದರ ಗುರುತು. ನಿಂತ ನೀರು ಸುಳ್ಳು ಹೇಳುವುದಿಲ್ಲ. ಅವಳ ಬಾವುಟಗಳ ಸಾಲು ಆ ಕಸದ ಗೆರೆಗೆ ಸಮನಾಗಿ ಹೋಗುವ ಬದಲು ಅದನ್ನು ದಾಟಿ ಮೇಲಕ್ಕೆ ವಾಲುತ್ತಿತ್ತು. ಅವಳು ನೋಡಿದಳು. ನೋಡಿದ್ದು ಅವಳಿಗೆ ಆಮೇಲೂ ಚೆನ್ನಾಗಿ ನೆನಪಿತ್ತು. ಗಾಳಿ ತಳ್ಳಿರಬೇಕು, ದನ ತುಳಿದಿರಬೇಕು ಎಂದುಕೊಂಡು, ಕಸವನ್ನು ಕಾಲಿನಿಂದ ಸರಿಸಿ ಎಂಟನೆಯ ಕಡ್ಡಿ ನೆಟ್ಟಳು.

ಹನ್ನೆರಡೂ ಮುಗಿದಾಗ ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ನಿಯಮದ ಪ್ರಕಾರ ಪರೀಕ್ಷಕರು ತಮಗಿಷ್ಟ ಬಂದ ಮೂರು ಕಡೆ ತಮ್ಮದೇ ಕೊಳವೆ ಮತ್ತು ಅಳತೆಕೋಲಿನಿಂದ ತಪಾಸಣೆ ಮಾಡಬೇಕು. ಅವರು ಬಿಸಿಲನ್ನು ನೋಡಿದರು, ಮಂಡಿಯನ್ನು ನೋಡಿದರು, ನೆಟ್ಟಗೆ ನಿಂತ ಹನ್ನೆರಡು ಬಾವುಟಗಳನ್ನು ನೋಡಿದರು. “ನಿಮ್ಮ ಯಜಮಾನರ ಕೈ ಹಾಗೇ ಬಂದಿದೆ ನಿಮಗೆ. ಅದನ್ನ ನಾನೇನು ಅಳೆಯೋದು,” ಎಂದು ಮೂರು ಚೌಕಗಳಲ್ಲಿ ಮೂರು ಗೀಟು ಹಾಕಿ ಸಹಿ ಮಾಡಿದರು. ಅವಳು ಏನೋ ಹೇಳಲು ಹೋದಳು. ಆ ಕೈ ಎಲ್ಲಿಂದ ಎಲ್ಲಿಗೆ ಬಂದದ್ದೆಂದು. ಆದರೆ ಅವರು ಪೆನ್ನು ಅವಳತ್ತ ಚಾಚಿದ್ದರು. ‘ಮೇಲ್ಕಂಡ ಕೆಲಸವನ್ನು ನಾನೇ ಮಾಡಿದ್ದೇನೆ’ ಎಂಬ ಸಾಲಿನ ಕೆಳಗೆ ಜಾಗ ಖಾಲಿ ಇತ್ತು. ಅವಳು ಸಹಿ ಹಾಕಿದಳು. ಪೂರ್ತಿ ಹೆಸರು, ಒಂದಕ್ಷರವನ್ನೂ ನುಂಗದೆ. ಐದನೇ ತಿಂಗಳ ಆ ಸಂತೋಷ ಮತ್ತೆ ಬಂತು, ಈ ಸಲ ದೊಡ್ಡದಾಗಿ, ಹಗಲಲ್ಲೇ, ನಾಚಿಕೆಯಿಲ್ಲದೆ; ಮಡಿಚಲು ಹತ್ತಿರದಲ್ಲಿ ಬಟ್ಟೆಗಳಿರಲಿಲ್ಲ.

ಉದ್ದಕ್ಕ ಚೊಂಬಿನಲ್ಲಿ ನೀರು ತಂದಳು. ಕಣ ಸಗಣಿ ಸಾರಿಸಿದಷ್ಟು ನುಣ್ಣಗೆ, ಮಟ್ಟಸವಾಗಿತ್ತು. ಉದ್ದಕ್ಕ ಅವಳ ಎದುರಿಗೇ ನಿಂತು, ಮುಕ್ಕಾಲು ಗಂಟೆ ಕಟ್ಟಿಟ್ಟಿದ್ದ ಮಾತನ್ನೆಲ್ಲ ಒಟ್ಟಿಗೆ ಬಿಟ್ಟಳು. “ನಮ್ಮ ಮನೆಯವರು ಕೇಳಿದ್ರೆ ಬಿದ್ದು ಬಿದ್ದು ನಗ್ತಾರೆ. ಮೂವತ್ತು ವರ್ಷದಲ್ಲಿ ಅವರ ಕೈಲಾಗದ್ದನ್ನ ನೀವು ಹನ್ನೆರಡು ಕಡ್ಡೀಲಿ ಮಾಡಿದ್ರಿ, ನನ್ನ ಬಾಯಿ ಮುಚ್ಚಿಸಿದ್ರಿ. ಬೇಕಾದ್ರೆ ಅದಕ್ಕೂ ಒಂದು ಸರ್ಟಿಫಿಕೇಟು...” ಅವಳು ನೀರು ಕುಡಿಯುತ್ತ, ತಲೆಯೆತ್ತದೆ, ನೇರವಾಗಿ ನೋಡುತ್ತಿದ್ದಳು. ನೇರ ನೋಟಕ್ಕೆ ಎದುರಾಗಿ ಒಂದು ಬಾಯಿ ಆಡುತ್ತಿತ್ತು. ಸ್ವಲ್ಪ ಸೀಳಿದ ಕೆಳತುಟಿ, ಅದರ ಹಿಂದೆ ಒಂದರ ಮೇಲೊಂದು ಹತ್ತಿದ ಎರಡು ಹಲ್ಲು. ಬಾಯಿ. ಮಾತು ಕೇಳಿಸುವುದು ನಿಂತಿತು. ಗದ್ದ ಅದಕ್ಕಿಂತ ಕೆಳಗಿತ್ತು. ನಾಲ್ಕು ಬೆರಳು ಕೆಳಗೆ.

ಅವಳು ಚೊಂಬನ್ನು ಕೆಳಗಿಡಲಿಲ್ಲ, ನೀರು ಚೆಲ್ಲಲಿಲ್ಲ. ಚೊಂಬಿನ ಅಂಚಿನ ಮೇಲಿಂದ ಆ ನಾಲ್ಕು ಬೆರಳನ್ನು ಇನ್ನೊಮ್ಮೆ ಅಳೆದಳು. ಉದ್ದಕ್ಕ ಉದ್ದವೇ, ಅವಳಿಗಿಂತ ಉದ್ದ. ಅದಕ್ಕೇ ಮೈ ಮೋಸಹೋಯಿತು. ಕುಳ್ಳಗಿದ್ದಿದ್ದರೆ ಮೊದಲ ನೋಟಕ್ಕೇ ಎಚ್ಚರವಾಗುತ್ತಿತ್ತು. ಆದರೆ ಗಂಡನಷ್ಟು ಉದ್ದವಿಲ್ಲ; ಸಮ ನೆಲದಲ್ಲಿ ಅವಳ ಕಣ್ಣಿಗೆ ನೇರವಾಗಿ ಬರುತ್ತಿದ್ದದ್ದು ಅವನ ಗದ್ದ. ಅವಳ ಕಣ್ಣು ಹದಿನಾಲ್ಕು ತಿಂಗಳಿಂದ, ಅವಳನ್ನು ಕೇಳದೆ, ಅವನ ಗದ್ದವನ್ನು ಅದೇ ಎತ್ತರದಲ್ಲಿ ಹಿಡಿದುಕೊಂಡು ನಿಂತಿತ್ತು, ಯಾರು ಎದುರಿಗೆ ಬಂದರೂ ಅವರ ಗದ್ದವನ್ನು ಅಲ್ಲಿಗೆ ಎತ್ತಿಸುತ್ತಿತ್ತು. ಅಳಲಿಲ್ಲ ಎಂದು ಎಲ್ಲರೂ ಅಂದರಲ್ಲ. ಇದು ಏನು ಮತ್ತೆ? ಅವಳ ತಲೆ ಅಷ್ಟರಲ್ಲೇ ಲೆಕ್ಕ ಶುರುಮಾಡಿಯೂ ಆಗಿತ್ತು, ಅದಕ್ಕೆ ದುಃಖದ ಪರಿವೆಯಿರಲಿಲ್ಲ. ಒಂದೊಂದು ಬಾವುಟಕ್ಕೆ ನಾಲ್ಕು ಬೆರಳು, ಅಂದರೆ ಎಂಟು ಸೆಂಟಿಮೀಟರ್ ಏರು. ಹನ್ನೊಂದು ಸಲ. ಕೊನೆಯ ಬಾವುಟ ಮೊದಲನೆಯದಕ್ಕಿಂತ ತೊಡೆಯೆತ್ತರ ಮೇಲೆ. ಆ ಗೆರೆಯ ಮೇಲೆ ಬದು ಕಟ್ಟಿದರೆ ನೀರು ನಿಲ್ಲುವುದಿಲ್ಲ. ಬದುವಿಗೆ ಒತ್ತಿಕೊಂಡು ಓಡುತ್ತದೆ, ಇಡೀ ಹೊಲದ ನೀರು ಮೇಲ್ಮಣ್ಣನ್ನು ಎಳೆದುಕೊಂಡು ಮೊದಲ ಬಾವುಟದ ಮೂಲೆಗೆ ಬಂದು, ಅಲ್ಲಿ ಬದುವನ್ನು ಒಡೆದು, ಹತ್ತು ಹೆಜ್ಜೆ ಆಚೆಗಿನ ಬಾವಿಗೆ ಬೀಳುತ್ತದೆ. ಎಂಟನೆಯ ಬಾವುಟದ ಹತ್ತಿರ ಕಸದ ಗೆರೆ ಇದನ್ನೇ ಹೇಳಿತ್ತು, ಅವಳು ಕಾಲಿನಿಂದ ಸರಿಸಿದ್ದಳು.

ಸುಮ್ಮನಿರಬಹುದಿತ್ತು, ಇವತ್ತು. ನಾಳೆ ಏನೋ ನೆಪ ಹೇಳಿ ಬಂದು, ಬಾವುಟಗಳನ್ನು ಸರಿಯಾದ ಜಾಗಕ್ಕೆ ಕಿತ್ತು ನೆಟ್ಟರೆ ಮೆಷಿನ್ನಿಗೆ ಗೊತ್ತಾಗುವುದಿಲ್ಲ, ಬಾವಿಗೆ ಗೊತ್ತಾಗುವುದಿಲ್ಲ. ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದೆ. ಹನ್ನೊಂದು ನಕ್ಷೆಗಳಿಗೂ ಸಹಿ ಬೀಳುತ್ತದೆ, ಅವೆಲ್ಲ ಸರಿಯಾದ ನಕ್ಷೆಗಳೇ. ಇದರಲ್ಲಿ ಯಾರಿಗೂ ನಷ್ಟವಿಲ್ಲವೆಂದು ಅವಳು ಎರಡು ಸಲ ಪರಿಶೀಲಿಸಿದಳು, ನಕ್ಷೆಯನ್ನು ಪರಿಶೀಲಿಸುವ ಹಾಗೆಯೇ. ಎರಡು ಸಲವೂ ಲೆಕ್ಕ ಸರಿಬಂತು. ಪರೀಕ್ಷಕರು ಕಾಗದಗಳನ್ನು ಚೀಲಕ್ಕೆ ಹಾಕುತ್ತಿದ್ದರು. ಚೀಲದ ಬಾಯಿಯ ಹತ್ತಿರ ಅವಳ ಸಹಿ ಒಂದು ಕ್ಷಣ ಕಂಡಿತು, ಇನ್ನೂ ಒಣಗದ ಶಾಯಿ ಹೊಳೆಯುತ್ತಿತ್ತು.

“ಸರ್,” ಎಂದಳು. “ಗೆರೆ ತಪ್ಪಿದೆ.”

ಅವರು ತಲೆಯೆತ್ತಿದರು. ಅವಳು ಹೇಳಿದಳು, ನಾಲ್ಕೈದು ವಾಕ್ಯದಲ್ಲಿ, ಎಷ್ಟು ಬೇಕೋ ಅಷ್ಟು. ಯಾರ ಗದ್ದವನ್ನು ನೋಡಿ ಅಭ್ಯಾಸವೆಂದು ಹೇಳುವಾಗಲೂ ದನಿ ಏರಲಿಲ್ಲ, ಇಳಿಯಲಿಲ್ಲ. ಉದ್ದಕ್ಕ ತನ್ನ ಗದ್ದವನ್ನು ತಾನೇ ಮುಟ್ಟಿ ನೋಡಿಕೊಂಡಳು, ಅದೇನು ತಪ್ಪು ಮಾಡಿತು ಎಂಬಂತೆ. ಪರೀಕ್ಷಕರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ, “ನೋಡಮ್ಮ, ನನಗೆ ನಿವೃತ್ತಿಗೆ ಎಂಟು ತಿಂಗಳಿದೆ. ಅಳೆಯದೆ ಗೀಟು ಹಾಕಿದೀನಿ. ನೀವು ಬಾವುಟ ಸರಿಯಾಗಿ ನೆಟ್ಟುಬಿಡಿ, ಕಾಗದ ಹಾಗೇ ಇರಲಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ,” ಎಂದರು. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಅವಳು ಆಗಷ್ಟೇ ಎರಡು ಸಲ ಪರಿಶೀಲಿಸಿದ್ದನ್ನೇ ಅವರು ಬಾಯಿಬಿಟ್ಟು ಹೇಳಿದ್ದರು. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಕುಗ್ಗಿ, ಯಾರದೋ ಹಳೆಯ ಅಂಗಿಯಂತೆ ಕಂಡಿತು.

“ನಾನು ಯಾರನ್ನ ನಂಬಿ ಸಹಿ ಹಾಕಿದೆ ಹೇಳಿ? ನಿಮ್ಮ ಯಜಮಾನರ ಕೆಲಸ ಹತ್ತು ಸಲ ನೋಡಿದೀನಿ. ಆ ನಂಬಿಕೆ ಮೇಲೆ.”

“ಆ ನಂಬಿಕೆ ಹಾಕಿದ ಗೆರೆ ಸರ್ ಇದು,” ಎಂದಳು ಅವಳು, ಹನ್ನೆರಡು ಬಾವುಟಗಳತ್ತ ಕೈ ತೋರಿಸಿ. “ನಂದು ಇನ್ನೂ ಹಾಕಿಲ್ಲ.”

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು, ವಾಕ್ಯ ಅಷ್ಟು ಸಿದ್ಧವಾಗಿ ಎಲ್ಲಿ ಕೂತಿತ್ತೋ. ಪರೀಕ್ಷಕರು ಚೀಲದಿಂದ ಕಾಗದ ಮತ್ತೆ ಹೊರತೆಗೆದರು, ಮಂಡಿಯ ಪಟ್ಟಿಯನ್ನು ಬಿಗಿದು ಕಟ್ಟಿಕೊಂಡರು, ಗೊಣಗುತ್ತ ಎದ್ದು ಜೀಪಿನಿಂದ ಅಳತೆಕೋಲು ಮತ್ತು ತಮ್ಮ ಕೊಳವೆ ತೆಗೆದುಕೊಂಡು ಬಿಸಿಲಿಗೆ ಇಳಿದರು. ಒಂದು–ಎರಡರ ನಡುವೆ, ಆರು–ಏಳರ ನಡುವೆ, ಹನ್ನೊಂದು–ಹನ್ನೆರಡರ ನಡುವೆ. ಕೋಲು ಹಿಡಿದವಳು ಉದ್ದಕ್ಕ, ಬರೆದುಕೊಂಡವಳು ಅವಳು. “ಎಂಟು,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಎಂಟು.” ಕೊನೆಯಲ್ಲಿ, “ಏಳೂವರೆ.” ತಪ್ಪು ಕೂಡ ಎಷ್ಟು ಅಚ್ಚುಕಟ್ಟಾಗಿತ್ತು, ಕೈ ಒಂದು ಸಲವೂ ಅಲುಗಿರಲಿಲ್ಲ. ಮೂರು ಗೀಟುಗಳನ್ನು ಹೊಡೆದುಹಾಕಿ ಅವರು ಪಕ್ಕದಲ್ಲಿ ಅಂಕಿಗಳನ್ನು ಬರೆದರು, ಅದರ ಕೆಳಗೆ ‘ಅನುತ್ತೀರ್ಣ’ ಎಂದು ಬರೆದು, ಅವಳಿಗೆ ಓದಲು ಸಿಗುವಂತೆ ಹಲಗೆ ತಿರುಗಿಸಿದರು. “ಇನ್ನು ಆರು ತಿಂಗಳು ಬಿಟ್ಟು ಅರ್ಜಿ ಹಾಕ್ಬೇಕು. ಮಳೆಗಾಲ ಕಳೆದುಹೋಗತ್ತೆ ಅಷ್ಟರಲ್ಲಿ. ನಿಮ್ಮ ರೈತರು ಕಾಯ್ತಾರಾ?”

“ಕಾಯಲ್ಲ. ಕಾಯಬಾರದು. ನಕ್ಷೆಗಳನ್ನ ಅವರಿಗೇ ಕೊಟ್ಬಿಡ್ತೀನಿ, ಸಹಿ ಇರೋ ಯಾರಾದ್ರೂ ಹಾಕ್ಲಿ. ನಕ್ಷೆ ಸರಿಯಿದೆ.” ಹನ್ನೊಂದು ನಕ್ಷೆಗಳು ಮೇಜಿನಿಂದ ಒಂದೊಂದಾಗಿ ಎದ್ದು ಬೇರೆಯವರ ಮನೆಗೆ ನಡೆಯುವುದನ್ನು ಅವಳು ಕಂಡಳು. ನೋವಾಯಿತು. ನಲವತ್ತೊಂದು ಹೋದ ದಾರಿಯಲ್ಲಿ ಇನ್ನೂ ಹನ್ನೊಂದು. ಆದರೆ ಈ ಸಲ ಕೊಡುವವಳು ತಾನು, ತಿಳಿದೇ ಕೊಡುತ್ತಿರುವವಳು. “ನನ್ನ ದಿನಾಂಕ ಈಗಲೇ ಬರೆದುಕೊಡಿ ಸರ್. ಆರು ತಿಂಗಳಿಗೆ ಒಂದು ದಿನವೂ ಹೆಚ್ಚಿಗೆ ಬೇಡ.”

ಅವರು ಅವಳ ಮುಖ ನೋಡಿದರು, ಗಂಡನ ಹೋಲಿಕೆ ಹುಡುಕದೆ, ಬಹುಶಃ ಮೊದಲನೆಯ ಸಲ. ಬರೆದುಕೊಟ್ಟರು.

“ಅದೆಲ್ಲ ನಿಮ್ಮನಿಮ್ಮ ವ್ಯವಹಾರ. ನನ್ನ ಗೆರೆ ಯಾರು ಹಾಕೋದು?” ಎಂದಳು ಉದ್ದಕ್ಕ. “ನಾಡಿದ್ದು ಮೆಷಿನ್ ಬರತ್ತೆ. ಬಾವಿ ನಂದು.”

ಪರೀಕ್ಷಕರು ತಾವೇ ಹಾಕಿ ಇಲಾಖೆಯ ಲೆಕ್ಕದಲ್ಲಿ ಸಹಿ ಮಾಡುವುದಾಗಿ ಹೇಳಿದರು, ಅದಕ್ಕೆ ನಿಯಮದಲ್ಲಿ ಅವಕಾಶವಿದೆ ಎಂದರು, ಎದ್ದರು, ಎರಡು ಹೆಜ್ಜೆ ಇಟ್ಟು ಮಂಡಿ ಹಿಡಿದು ನಿಂತರು.

“ನೀವು ಹನ್ನೆರಡು ನೆಡೋ ಹೊತ್ತಿಗೆ ನನ್ನ ಬಾವಿ ಕೆರೆ ಆಗಿರತ್ತೆ ಸಾಹೇಬ್ರೇ. ಸಹಿ ನೀವು ಹಾಕಿ, ಗೆರೆ ತಂಗಿ ಹಾಕ್ಲಿ.”

ಸಹಿ ನೀವು, ಗೆರೆ ಇವಳು. ಅವಳಿಗೆ ನಗು ಬಂತು, ತಡೆಯಲಿಲ್ಲ. ಪರೀಕ್ಷಕರಿಗೂ ಅದರ ಅರ್ಥ ಆಗಿರಬೇಕು, ಮುಖ ಕೆಂಪಾಯಿತು. “ಪ್ರತಿ ಬಾವುಟವನ್ನೂ ಅಳೆದೇ ಸಹಿ ಹಾಕ್ತೀನಿ,” ಎಂದರು, ಯಾರೂ ಕೇಳದಿದ್ದರೂ. ಅವಳು ಹೊಲದ ಉದ್ದಕ್ಕೂ ನಡೆದು ಹನ್ನೊಂದು ಬಾವುಟಗಳನ್ನು ಕಿತ್ತಳು, ಮೊದಲನೆಯದನ್ನು ಮಾತ್ರ ಬಿಟ್ಟಳು. ವಾಪಸು ಬಂದಾಗ ಅವರು ಅಳತೆಕೋಲನ್ನು ಹಿಡಿದು, ಅದಕ್ಕೆ ಸುತ್ತಲು ಕೆಂಪು ರಬ್ಬರ್ ಪಟ್ಟಿ ಬೆರಳಲ್ಲಿಟ್ಟುಕೊಂಡು ಕಾಯುತ್ತಿದ್ದರು. “ಎಷ್ಟಕ್ಕೆ ಹಾಕ್ಲಿ? ನಿಮ್ಮ ಕಣ್ಣಿನ ಎತ್ತರ ಎಷ್ಟು?”

ಅವಳು ಬಾಯಿ ತೆರೆದಳು. ಅಂಕಿ ಇರಲಿಲ್ಲ. ಇಳಿಜಾರನ್ನು ಬಸ್ಸಿನ ಕಿಟಕಿಯಿಂದ ಓದುವವಳು, ನಲವತ್ತೊಂದು ಹೊಲದ ಏರುತಗ್ಗುಗಳನ್ನು ಸೆಂಟಿಮೀಟರಿನಲ್ಲಿ ಬಲ್ಲವಳು, ತನ್ನ ಕಣ್ಣು ನೆಲದಿಂದ ಎಷ್ಟು ಮೇಲಿದೆ ಎಂದು ಒಮ್ಮೆಯೂ ಅಳೆದಿರಲಿಲ್ಲ. ಬೇಕಾಗಿರಲಿಲ್ಲ. “ಗೊತ್ತಿಲ್ಲ ಸರ್,” ಎಂದಳು. “ಅಳೆಯಿರಿ.”

ಕಣದ ನಡುವೆ ಅವಳು ನೆಟ್ಟಗೆ ನಿಂತಳು. ಉದ್ದಕ್ಕ ಮಂಡಿಯೂರಿ ಕೋಲಿನ ಬುಡವನ್ನು ಅವಳ ಹಿಮ್ಮಡಿಯ ಪಕ್ಕ ಊರಿ ಹಿಡಿದಳು. “ಬೂಟು ಬಿಚ್ಚಬೇಕಾ?”

“ಬೇಡ. ಹೊಲಕ್ಕೆ ಹಾಕ್ಕೊಂಡೇ ಬರ್ತೀನಿ. ಹಾಕ್ಕೊಂಡೇ ಅಳೀಲಿ.”

ಪರೀಕ್ಷಕರು ಕನ್ನಡಕ ಮೇಲೆ ಸರಿಸಿ, ಅವಳ ಕಣ್ಣಿನ ಹೊರತುದಿಗೆ ಬೆರಳು ಹಿಡಿದು, ಕೋಲನ್ನು ಓದಿದರು. ಯಾರೋ ತನ್ನನ್ನು ಅಷ್ಟು ಹತ್ತಿರದಿಂದ, ಅಷ್ಟು ಕೆಲಸದ ನೋಟದಿಂದ ನೋಡಿ ಬಹಳ ಕಾಲವಾಗಿತ್ತು. ಅವಳು ರೆಪ್ಪೆ ಮಿಟುಕಿಸಲಿಲ್ಲ. ಕಣ್ಣಲ್ಲಿ ಒಂದಿಷ್ಟು ನೀರು ಸೇರಿತು. ಬಿಸಿಲಿತ್ತು, ಬೇರೆಯೂ ಇದ್ದಿರಬಹುದು, ಅದನ್ನು ಬೇರ್ಪಡಿಸಿ ಅಳೆಯುವ ಕೊಳವೆ ಅವಳಲ್ಲಿರಲಿಲ್ಲ.

“ನೂರ ನಲವತ್ತೊಂಬತ್ತು.” ಅವರು ಮತ್ತೆ ಬಗ್ಗಿ ನೋಡಿದರು. “ಅಲ್ಲ. ನೂರ ನಲವತ್ತೊಂಬತ್ತೂವರೆ.”

“ಅರ್ಧ ಬಿಡಬೇಡಿ,” ಎಂದಳು. ಹೊಲದ ಪುಸ್ತಕ ತೆಗೆದು, ಹೊಸ ಹಾಳೆಯ ತಲೆಯಲ್ಲಿ ಅದನ್ನು ಬರೆದಳು. ಅವರು ಕೆಂಪು ಪಟ್ಟಿಯನ್ನು ಕೋಲಿನ ಮೇಲೆ ಆ ಅಂಕಿಗೆ ಸರಿಸಿ ಬಿಗಿದರು. ಉದ್ದಕ್ಕ ಕೋಲು ಎತ್ತಿಕೊಂಡು, ಬಾವುಟಗಳನ್ನು ಕಂಕುಳಲ್ಲಿಟ್ಟುಕೊಂಡು, ಹದಿನೈದು ಮೀಟರ್ ನಡೆದು ತಿರುಗಿ ನಿಂತಳು. ಅಭ್ಯಾಸಕ್ಕೆ ಗದ್ದ ಎತ್ತಿದಳು, ಬಾಯಿ ಬಿಗಿಹಿಡಿದಳು.

“ಈಗ ಮಾತಾಡಬಹುದು ಅಕ್ಕಾ. ನಿಮ್ಮ ಮುಖ ನನಗೆ ಬೇಡ.”

“ಮಾತಾಡು ಅಂದ ಕೂಡಲೇ ಏನೂ ನೆನಪಾಗಲ್ಲ ನೋಡಿ!”

ಅವಳು ಕೊಳವೆ ಎತ್ತಿದಳು. “ಕೆಳಗೆ ಬನ್ನಿ. ಇನ್ನೂ. ಇನ್ನೊಂದು ಹೆಜ್ಜೆ.” ಉದ್ದಕ್ಕ ಮೊದಲಿನ ಬಾವುಟ ಬಿಟ್ಟುಹೋದ ತೂತನ್ನು ದಾಟಿ ಮೂರು ಹೆಜ್ಜೆ ಕೆಳಗಿಳಿದಳು. ಕೊಳವೆಯೊಳಗೆ ಕೋಲಿನ ಕರಿಬಿಳಿ ಪಟ್ಟೆಗಳು ಮೇಲೆ ಕೆಳಗೆ ತೂಗಾಡಿ ನಿಧಾನವಾದವು. ಗುಳ್ಳೆ ನಡುಗೆರೆಗೆ ಬಂತು. ಕೆಂಪು ಪಟ್ಟಿ ಅದರ ಮೇಲೆ ಬಂದು ಕೂತಿತು.

“ಅಲ್ಲೇ,” ಎಂದಳು.